ರಾತ್ರಿ ಎಲ್ಲಿ ಮಲಗುತ್ತೀರಿ?

ಹಿಮಾಲಯದ ಹುಚ್ಚು ಹತ್ತಬೇಕಾದರೆ ದೆಹಲಿಯವರಿಗೆ ಕಶ್ಮೀರಿ ಗೇಟಿನ ಬಸ್ ನಿಲ್ದಾಣ ಒಂದು ಸಾಕು. ಶುಕ್ರವಾರ ಸಂಜೆ ಅಲ್ಲಿಗೆ ಹೋಗಿ ನೋಡಿ. ಬೆನ್ನಿಗೆ ದೊಡ್ಡ ಬ್ಯಾಗು, ಕೊರಳಲ್ಲಿ ಇನ್ನೂ ತೆಗೆಯದ ಆಫೀಸಿನ ಐಡಿ ಕಾರ್ಡು. ಗುರುಗ್ರಾಮದವರು, ನೋಯ್ಡಾದವರು, ಫರೀದಾಬಾದಿನವರು. ಶನಿವಾರ ಬೆಳಿಗ್ಗೆ ಮನಾಲಿ, ಭಾನುವಾರ ಸಂಜೆ ಮತ್ತೆ ಬಸ್ಸು, ಸೋಮವಾರ ಹಾಜರಿ. ಬೆಂಗಳೂರಿನವರು ಕುಮಾರಪರ್ವತಕ್ಕೆ ಹೋಗಿ ಬರುವಷ್ಟು ಸಲೀಸಾಗಿ ಇಲ್ಲಿಯವರು ನಾಲ್ಕು ಸಾವಿರ ಮೀಟರಿಗೆ ಹೋಗಿ ಬರುತ್ತಾರೆ. ಹಿಮಾಲಯ ಇಷ್ಟು ಹತ್ತಿರವಿರುವುದೇ ದೆಹಲಿಯವರಿಗೆ ಅಪಾಯ. ವರ್ಷಗಟ್ಟಲೆ ಕಾಲ್ನಡಿಗೆಯಲ್ಲೂ ಸೈಕಲ್ಲಿನಲ್ಲೂ ಆ ದಾರಿಗಳಲ್ಲಿ ಅಲೆದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇದೇ.

ನಾನು ಚಿಕ್ಕಮಗಳೂರಿನ ಕಡೆಯವನು. ಮುಳ್ಳಯ್ಯನಗಿರಿಯ ತುದಿಯಲ್ಲಿ ನಿಂತು, ಇದಕ್ಕಿಂತ ಎತ್ತರದ್ದು ಕರ್ನಾಟಕದಲ್ಲಿ ಇನ್ನಿಲ್ಲ ಎಂದು ಬೀಗಿದವರ ಪೈಕಿ. ಅದರ ಎತ್ತರ ಸುಮಾರು 1,930 ಮೀಟರ್. ಮನಾಲಿ ಪೇಟೆ ಇರುವುದೇ 2,050 ಮೀಟರಿನಲ್ಲಿ. ನಮ್ಮ ರಾಜ್ಯದ ನೆತ್ತಿಗಿಂತ ಅವರ ತರಕಾರಿ ಮಾರುಕಟ್ಟೆ ಎತ್ತರದಲ್ಲಿದೆ! ಪಶ್ಚಿಮಘಟ್ಟ ನಮಗೆ ಗಟ್ಟಿ ಕಾಲು ಕೊಡುತ್ತದೆ, ಜಿಗಣೆಯ ಸಹನೆ ಕೊಡುತ್ತದೆ, ಮಳೆಯಲ್ಲಿ ಜಾರದೆ ನಡೆಯುವುದನ್ನು ಕಲಿಸುತ್ತದೆ. ತೆಳು ಗಾಳಿಯ ವಿಷಯ ಮಾತ್ರ ಅದಕ್ಕೂ ಗೊತ್ತಿಲ್ಲ. ಚಾರ್ಮಾಡಿ ಘಾಟಿಯನ್ನು ಸೈಕಲ್ಲಿನಲ್ಲಿ ಒಂದೇ ಉಸಿರಿಗೆ ಹತ್ತಿದವನ ತಲೆಯೂ ಮನಾಲಿ–ಲೇಹ್ ದಾರಿಯ ಸರ್ಚುವಿನ ಡೇರೆಯಲ್ಲಿ ಸಿಡಿಯುತ್ತದೆ. ಇದಕ್ಕೂ ಮೈಕಟ್ಟಿಗೂ ಸಂಬಂಧವಿಲ್ಲ. ದಿನಾ ಜಿಮ್ಮಿಗೆ ಹೋಗುವ ಇಪ್ಪತ್ತೈದರ ಹುಡುಗ ವಾಂತಿ ಮಾಡಿಕೊಂಡು ಮಲಗಿರುವಾಗ ಅರವತ್ತು ದಾಟಿದ ಮೇಷ್ಟರು ಪಕ್ಕದಲ್ಲೇ ಆರಾಮಾಗಿ ರಾಜ್ಮಾ ಅನ್ನ ಉಣ್ಣುತ್ತಿದ್ದುದನ್ನು ನೋಡಿದ್ದೇನೆ.

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಶೇ. 21ರ ಹತ್ತಿರವೇ. ಕಮ್ಮಿಯಾಗುವುದು ಒತ್ತಡ. ಅದೇ ದಾರಿಯಲ್ಲಿ 5,328 ಮೀಟರಿನ ತಂಗ್ಲಾಂಗ್ ಲಾ ಎಂಬ ಕಣಿವೆಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ತನ್ನದೇ ವೇಗದಲ್ಲಿ, ಅದೂ ಹೆಚ್ಚಾಗಿ ರಾತ್ರಿಗಳ ಲೆಕ್ಕದಲ್ಲಿ. ಹಗಲು ಎಷ್ಟು ಎತ್ತರಕ್ಕೆ ಹೋದೆವು ಎನ್ನುವುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದೆವು ಎನ್ನುವುದು ಮುಖ್ಯ. ವೈದ್ಯರು ಹೇಳುವ ಸೂತ್ರ ಸರಳ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಕಳೆಯಿರಿ.

ಈ ಸೂತ್ರ ಹಿಡಿದು ಮನಾಲಿ–ಲೇಹ್ ರಸ್ತೆಯನ್ನು ನೋಡಿದರೆ ಅದರ ಕಪಟ ತಿಳಿಯುತ್ತದೆ. ಗುರುಗ್ರಾಮದಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ಹುಡುಗನೊಬ್ಬ ನಕ್ಷೆ ಹರಡಿಕೊಂಡು ಕೇಳಿದ: “ಅಣ್ಣಾ, ಕೆಲಾಂಗ್‌ನಿಂದ ಸರ್ಚುಗೆ ನೂರು ಕಿಲೋಮೀಟರ್ ಆಸುಪಾಸು ಅದ ಅನಸ್ತದ. ಒಂದ ದಿನದಾಗ ಹೊಡೀಬಹುದಲ್ಲ?”

“ಹೊಡೀಬಹುದು. ಅಲ್ಲಿ ಮಲಗೋದು ಬೇಡ,” ಅಂದೆ.

ಕೆಲಾಂಗ್ ಸುಮಾರು 3,080 ಮೀಟರ್, ಸರ್ಚು 4,290. ಒಂದೇ ಹಗಲಲ್ಲಿ 1,200 ಮೀಟರ್ ಏರಿ, ನಡುವೆ 4,890 ಮೀಟರಿನ ಬಾರಾಲಾಚಾ ಲಾ ದಾಟಿ, ತಲೆ ಹಿಡಿದುಕೊಂಡು ಸರ್ಚುವಿನ ಡೇರೆಗೆ ನುಗ್ಗುವವರೇ ಹೆಚ್ಚು. ಅಲ್ಲಿಗೆ ಬಂದ ಮೇಲೆ ಸುಲಭವಾಗಿ ಕೆಳಗಿಳಿಯುವ ದಾರಿಯೂ ಇಲ್ಲ. ಹಿಂದಕ್ಕೆ ಬಾರಾಲಾಚಾ, ಮುಂದಕ್ಕೆ 5,000 ಮೀಟರ್ ಮೀರಿದ ಲಾಚುಂಗ್ ಲಾ. ಕೆಳಗಿಳಿಯುವುದೇ ಮದ್ದು ಎನ್ನುವ ಎತ್ತರದ ಕಾಯಿಲೆಗೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಹಾಗಾಗಿ ನಾನು ಹಾಕಿಕೊಟ್ಟ ಪಟ್ಟಿ ಹೀಗಿತ್ತು: ಜಿಸ್ಪಾದಲ್ಲಿ (3,200) ಎರಡು ರಾತ್ರಿ, ಪತ್ಸೇವ್‌ನಲ್ಲಿ (3,820) ಒಂದು, ಜಿಂಗ್‌ಜಿಂಗ್‌ಬಾರ್‌ನಲ್ಲಿ (4,270) ಒಂದು. ಆಮೇಲೆ ಬಾರಾಲಾಚಾ ದಾಟಿ ಸರ್ಚು. ಆ ದಿನ ಮಲಗುವ ಎತ್ತರ ಅಷ್ಟೇನೂ ಹೆಚ್ಚುವುದಿಲ್ಲ, ಸರ್ಚು ಸಾಧುವಾಗಿಬಿಡುತ್ತದೆ. ಪತ್ಸೇವ್‌ನ ಜಿಗಿತ ಸೂತ್ರಕ್ಕಿಂತ ಕೊಂಚ ಹೆಚ್ಚು, ಜಿಸ್ಪಾದಲ್ಲಿ ಎರಡು ರಾತ್ರಿ ಕಳೆಯುವುದು ಅದಕ್ಕೇ. ಹುಡುಗ ಮೂರು ದಿನದ ರಜೆ ಜಾಸ್ತಿ ಬೇಕಾಗುತ್ತದೆ ಎಂದು ಮುಖ ಸಪ್ಪಗೆ ಮಾಡಿದ. ಕಷ್ಟ ಇರುವುದೇ ಅಲ್ಲಿ. ಪ್ಯಾಕೇಜ್ ಟೂರಿನವರೂ ದಿನ ಉಳಿಸಲೆಂದೇ ಜನರನ್ನು ಸೀದಾ ಸರ್ಚುವಿಗೆ ಒಯ್ಯುತ್ತಾರೆ.

ಸರ್ಚು ದಾಟಿದರೆ ಗಾಟಾ ಲೂಪ್ಸ್, ಇಪ್ಪತ್ತೊಂದು ಹೇರ್‌ಪಿನ್ ತಿರುವು. ಅಲ್ಲೊಂದು ಪುಟ್ಟ ಗುಡಿಯಂಥದ್ದಿದೆ, ಅದರ ಸುತ್ತ ನೀರಿನ ಬಾಟಲಿಗಳ ರಾಶಿ. ಲಾರಿ ಕೆಟ್ಟು ನಿಂತಾಗ ಚಾಲಕ ಸಹಾಯ ತರಲು ಹೋದನಂತೆ. ಹಿಮ ಬಿದ್ದು ರಸ್ತೆ ಮುಚ್ಚಿತಂತೆ. ಕಾಯಿಲೆ ಬಿದ್ದಿದ್ದ ಕ್ಲೀನರ್ ಅಲ್ಲೇ ಸತ್ತು, ಈಗ ದಾರಿಹೋಕರ ಹತ್ತಿರ ನೀರು ಕೇಳುತ್ತಾನಂತೆ. ದೆವ್ವದ ಮಾತು ಹಾಗಿರಲಿ, ಆ ಎತ್ತರದಲ್ಲಿ ಹುಷಾರಿಲ್ಲದವನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು ಎನ್ನುವುದನ್ನು ಲಾರಿಯವರು ಕಥೆ ಕಟ್ಟಿ ಇಟ್ಟಿದ್ದಾರೆ. ನಮ್ಮ ತಂಡದಲ್ಲೂ ಅದೇ ಕಾನೂನು. ತಲೆನೋವಿನ ಜೊತೆ ಹೊಟ್ಟೆ ತೊಳೆಸಿದರೆ ಮುಂದಕ್ಕೆ ಏರುವಂತಿಲ್ಲ. ಹಿಮ್ಮಡಿಗೆ ಕಾಲ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದೆ ತೂರಾಡಿದರೆ, ಅಥವಾ ಕುಳಿತಲ್ಲೇ ಏದುಸಿರು ಬಂದರೆ, ರಾತ್ರಿಯೋ ಹಗಲೋ ನೋಡದೆ ಇಳಿಸಬೇಕು, ಜೊತೆಗೊಬ್ಬರು ಹೋಗಬೇಕು. ಡಯಾಮಾಕ್ಸ್ ಮಾತ್ರೆ ಒಗ್ಗಿಕೊಳ್ಳಲು ನೆರವಾಗುತ್ತದೆ, ಆದರೆ ವೈದ್ಯರನ್ನು ಕೇಳದೆ ನುಂಗುವುದು ಬೇಡ.

ಮೊದಲ ಸಲ ಲಡಾಖಿಗೆ ಸೈಕಲ್ಲಿನಲ್ಲಿ ಹೋಗುವವರಿಗೆ ನಾನು ಶ್ರೀನಗರದ ಕಡೆಯಿಂದ ಹೋಗಿ ಎನ್ನುತ್ತೇನೆ. ಜೋಜಿ ಲಾ 3,528 ಮೀಟರ್, ಹತ್ತಿದ ಮೇಲೆ ದ್ರಾಸ್, ಕಾರ್ಗಿಲ್ ಎಂದು ಇಳಿಯುತ್ತಾ ಮಲಗಬಹುದು. ದಾರಿಯ ಅತ್ಯುನ್ನತ ಜಾಗ ಫೋತು ಲಾ 4,108, ಅದೂ ಕಾರ್ಗಿಲ್ ದಾಟಿದ ಮೇಲೆ. ಜೋಜಿ ಲಾದಲ್ಲಿ ಸೈಕಲ್ ತಳ್ಳುತ್ತಾ ಏದುಸಿರು ಬಿಡುವಾಗ ಕೊಡಗಿನ ತಿಮ್ಮಯ್ಯನವರು ನೆನಪಾಗದೆ ಇರುವುದಿಲ್ಲ. ಕಾಶ್ಮೀರದ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಇದೇ ಕಣಿವೆಗೆ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿ ಎದುರಾಳಿಗಳನ್ನು ಬೆಚ್ಚಿಬೀಳಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕು ಬಂದೀತೆಂದು ಯಾರೂ ಎಣಿಸಿರಲಿಲ್ಲ. ನಾವು ಹದಿನಾಲ್ಕು ಕೆಜಿಯ ಸೈಕಲ್ಲಿಗೆ ಗೊಣಗುತ್ತೇವೆ.

ಇನ್ನು ತಾಲೀಮು. ದೆಹಲಿ ಸಮುದ್ರಮಟ್ಟದಿಂದ ಸುಮಾರು 216 ಮೀಟರ್ ಎತ್ತರದಲ್ಲಿದೆ. ಭಾಟಿ ಗ್ರಾಮದ ಬಳಿಯ ಅರಾವಳಿಯೇ ಇಲ್ಲಿಯ ಗೌರೀಶಂಕರ, ಅದು 318 ಮೀಟರ್. ಇದ್ದುದರಲ್ಲೇ ಹುಡುಕಿಕೊಳ್ಳಬೇಕು. ನಸುಕು ನಾಲ್ಕೂವರೆಗೆ ಗುರುಗ್ರಾಮ–ಫರೀದಾಬಾದ್ ರಸ್ತೆಯ ಏರಿಳಿತ, ಮಾಂಗರ್ ಕಡೆಯ ತಿರುವು, ಭಾನುವಾರ ಸೋಹನಾದ ಘಾಟಿ. ಸೋಹನಾ ಒಂದನ್ನೇ ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು ಬೆಳಗು ಮಾಡುವವರಿದ್ದಾರೆ. ಏಳರ ಮೇಲೆ ಡಂಪರ್‌ಗಳು ಬರುತ್ತವೆ, ಮನೆ ಸೇರುವುದೇ ಲೇಸು. ಅಸೋಲಾ–ಭಾಟಿ ಕಡೆ ಹಳೆಯ ಗಣಿಗುಂಡಿಗಳಲ್ಲಿ ನೀರು ನಿಂತು ನೀಲಿ ಕೆರೆಗಳಾಗಿವೆ. ನೋಡಲು ಚೆಂದ, ಈಜಲು ಹೋದವರು ಮುಳುಗಿದ್ದಾರೆ. ದೀಪಾವಳಿಯಿಂದ ಜನವರಿವರೆಗೆ ಈ ಊರಿನಲ್ಲಿ ಹೊರಗೆ ಸೈಕಲ್ ತುಳಿಯುವುದು ಶ್ವಾಸಕೋಶಕ್ಕೆ ಮಾಡುವ ದ್ರೋಹ. ಆ ತಿಂಗಳುಗಳಲ್ಲಿ ನಾನು ಆಫೀಸಿನ ಮೆಟ್ಟಿಲು ಹತ್ತುತ್ತೇನೆ, ಸೆಕ್ಯೂರಿಟಿಯವರು ಈಗ ರೂಢಿಯಾಗಿ ಸುಮ್ಮನಿದ್ದಾರೆ. ಗೋಡೆ ಹತ್ತುವ ಆಸೆಯಿದ್ದರೆ ದೆಹಲಿ ವಿಶ್ವವಿದ್ಯಾಲಯದ ಸೌತ್ ಕ್ಯಾಂಪಸ್ ಪಕ್ಕದ ಇಂಡಿಯನ್ ಮೌಂಟೆನಿಯರಿಂಗ್ ಫೌಂಡೇಶನ್ನಿನ ಕೃತಕ ಬಂಡೆಯಿದೆ. ಅಲ್ಲಿ ಬೆರಳು ಸವೆಸಿಕೊಂಡವರಿಗೆ ಆರ್.ಕೆ. ಪುರಂನ ಕರ್ನಾಟಕ ಸಂಘದ ಕಟ್ಟಡದಲ್ಲಿ ದೋಸೆ ತಿನ್ನುವ ಹಕ್ಕು ತಾನಾಗಿಯೇ ಬರುತ್ತದೆ.

ಸೈಕಲ್ಲನ್ನು ಬೆಟ್ಟದ ಬುಡಕ್ಕೆ ಸಾಗಿಸುವುದೂ ಒಂದು ವಿದ್ಯೆ. ಹಿಮಾಚಲದ ಸಾದಾ ಸರಕಾರಿ ಬಸ್ಸೇ ವೋಲ್ವೋಗಿಂತ ವಾಸಿ. ನೆತ್ತಿಯ ಮೇಲೆ ಕಟ್ಟಬಹುದು, ಕಂಡಕ್ಟರ್ ಲಗೇಜ್ ಟಿಕೆಟ್ ಹರಿದು ಕೊಟ್ಟರೆ ಮುಗಿಯಿತು. ಹಗ್ಗ ನಿಮ್ಮದೇ ಇರಲಿ, ಕಟ್ಟುವ ಕೈಯೂ ನಿಮ್ಮದೇ ಇರಲಿ. ಗೇರು ಬದಲಿಸುವ ಹಿಂದಿನ ಡಿರೇಲರ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಡಿ, ಅದನ್ನು ಕೂರಿಸುವ ಹ್ಯಾಂಗರ್ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಕೆಲಾಂಗ್‌ನಲ್ಲಿ ಅದು ಸಿಗುವುದಿಲ್ಲ.

ತಿಂಡಿಯ ವಿಷಯದಲ್ಲಿ ಕನ್ನಡಿಗರಿಗೆ ದೊಡ್ಡ ಅನುಕೂಲವಿದೆ. ನಾಲ್ಕೂವರೆ ಸಾವಿರ ಮೀಟರಿನಲ್ಲಿ ನೀರು 85 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಅಕ್ಕಿ ಬೇಯುವುದಿಲ್ಲ. ಎಲ್ಲರೂ ಮ್ಯಾಗಿಗೆ ಶರಣು. ನಾನು ಅವಲಕ್ಕಿ ತರಿಯನ್ನು ಹುಣಸೆಪುಡಿ, ಬೆಲ್ಲ, ಸಾರಿನ ಪುಡಿ, ಒಗ್ಗರಣೆ ಹಾಕಿ ಒಣಗೊಜ್ಜವಲಕ್ಕಿ ಮಾಡಿ ಒಯ್ಯುತ್ತೇನೆ. ನೀರು ಚಿಮುಕಿಸಿ ಇಟ್ಟರೆ ಬೂಟು ಬಿಚ್ಚುವಷ್ಟರಲ್ಲಿ ಊಟ ತಯಾರು. ಎತ್ತರದಲ್ಲಿ ಹಸಿವೆಯೇ ಸತ್ತಿರುತ್ತದೆ. ಹುಳಿ, ಖಾರ, ಸಿಹಿ ಇದ್ದರೆ ಮಾತ್ರ ಒಳಗೆ ಹೋಗುತ್ತದೆ.

ದಾರಿಗೆ ಅಡ್ಡ ಹರಿಯುವ ನಾಲಾಗಳನ್ನು ಬೆಳಿಗ್ಗೆಯೇ ದಾಟಬೇಕು. ಬಿಸಿಲೇರಿದಂತೆ ಹಿಮ ಕರಗಿ, ಮುಂಜಾನೆ ಪಾದ ಮುಳುಗುತ್ತಿದ್ದ ನೀರು ಮಧ್ಯಾಹ್ನ ತೊಡೆಮಟ್ಟ ಬರುತ್ತದೆ. ಕಣಿವೆಯ ತುದಿ ಮುಟ್ಟಿದ ಕೂಡಲೇ, ಫೋಟೋಗೂ ಮೊದಲು, ಜಾಕೆಟ್ ಹಾಕಿಕೊಳ್ಳಬೇಕು. ಬೆವರಿದ ಮೈಯಲ್ಲಿ ಇಳಿಜಾರಿಗೆ ಬಿದ್ದರೆ ಬ್ರೇಕ್ ಹಿಡಿಯಲೂ ಆಗದಷ್ಟು ಬೆರಳು ಮರಗಟ್ಟುತ್ತವೆ. ಎದೆಗೆ ಢಾಬಾದ ಹಳೆ ಹಿಂದಿ ಪತ್ರಿಕೆ ತುರುಕಿಕೊಂಡರೆ ಸಾವಿರಾರು ರೂಪಾಯಿಯ ಜಾಕೆಟ್ಟಿನ ಕೆಲಸವನ್ನು ಅದೂ ಮಾಡುತ್ತದೆ.

ರಜೆಯ ಲೆಕ್ಕಕ್ಕೆ ಮತ್ತೆ ಬರಬೇಕು, ಯಾಕೆಂದರೆ ಬೆಟ್ಟ ಆ ಲೆಕ್ಕ ಒಪ್ಪುವುದಿಲ್ಲ. 2018ರ ಸೆಪ್ಟೆಂಬರಿನಲ್ಲಿ ಕೆಲಾಂಗ್ ಇರುವ ಲಾಹೌಲಿನಲ್ಲಿ ಅಕಾಲ ಹಿಮ ಬಿದ್ದು ನೂರಾರು ಜನ ಸಿಕ್ಕಿಹಾಕಿಕೊಂಡರು. 2023ರ ಜುಲೈಯಲ್ಲಿ ಬಿಯಾಸ್ ನದಿ ಕುಲು–ಮನಾಲಿ ಹೆದ್ದಾರಿಯನ್ನೇ ಕಿತ್ತುಕೊಂಡು ಹೋಯಿತು. ಅದೇ ವಾರ ಚಂದ್ರತಾಲದ ಡೇರೆಗಳಲ್ಲಿದ್ದವರನ್ನು ಹಿಮ ಸರಿಸಿ ಹೊರತಂದರು. ವಾಪಸಿನ ಟಿಕೆಟ್ಟಿಗೂ ಸೋಮವಾರದ ಮೀಟಿಂಗಿಗೂ ನಡುವೆ ಖಾಲಿ ದಿನಗಳಿರದಿದ್ದರೆ ಜನ ನಾಲಾ ದಾಟಬಾರದ ಹೊತ್ತಿನಲ್ಲಿ ದಾಟುತ್ತಾರೆ.

ಶಿಖರಗಳ ಬಗ್ಗೆ ನನಗೆ ಅಷ್ಟು ಮೋಹವಿಲ್ಲ. ಲೇಹ್ ಬಳಿಯ ಸ್ಟೋಕ್ ಕಾಂಗ್ರಿ 6,100 ಮೀಟರ್ ಮೀರಿದ್ದು. ಸುಲಭ ಎಂದು ಹೆಸರಾಗಿ, ಜನ ಮುಗಿಬಿದ್ದು, ಕೊನೆಗೆ 2020ರಿಂದ ಅದನ್ನು ಮುಚ್ಚಬೇಕಾಯಿತು. ಶಿಖರ ಹತ್ತಿದವನು ಬಂದ ದಾರಿಯಲ್ಲೇ ಇಳಿಯಬೇಕು. ಕಣಿವೆ ದಾಟಿದವನು ಬೇರೆ ನಾಡಿಗೆ ಇಳಿಯುತ್ತಾನೆ. ಹಂಪ್ತಾ ಪಾಸ್ 4,270 ಮೀಟರ್. ಈ ಕಡೆ ದೇವದಾರು, ಹುಲ್ಲು, ಗದ್ದಿ ಕುರಿಗಾಹಿಗಳ ಮಂದೆ. ಆ ಕಡೆ ಮಳೆ ಕಾಣದ ಬೋಳು ಕಲ್ಲು, ಕೆಳಗೆ ಚಂದ್ರಾ ನದಿ. ಆಗುಂಬೆಯಿಂದ ಚಿತ್ರದುರ್ಗದವರೆಗೆ ಬಸ್ಸಿನಲ್ಲಿ ಕೂತು ನೋಡುವ ಬದಲಾವಣೆ ಅಲ್ಲಿ ಒಂದು ಮಧ್ಯಾಹ್ನದೊಳಗೆ ಆಗಿಬಿಡುತ್ತದೆ. ಪಾಸ್‌ಗಳ ಚಾರಣ ಮಾಡಿ ಎಂದು ಹೊಸಬರಿಗೆ ನಾನು ಒತ್ತಾಯಿಸುವುದು ಇದಕ್ಕೇ.

ಈಗ ಕಣ್ಣಿರುವುದು ಶಿಂಕು ಲಾ ಮೇಲೆ, 5,091 ಮೀಟರ್. ದಾರ್ಚಾದಿಂದ ಜಾಂಸ್ಕರ್‌ಗೆ ಹೋಗುವ ದಾರಿ. ಅದರ ಕೆಳಗೆ 4.1 ಕಿ.ಮೀ. ಸುರಂಗದ ಮೊದಲ ಸ್ಫೋಟ 2024ರ ಜುಲೈಯಲ್ಲಾಯಿತು. ಕಣಿವೆಯ ಸೊಗಸು ಹಾಳಾಗುತ್ತದೆ ಎಂದು ನಮ್ಮ ಸೈಕಲ್ ಗೆಳೆಯರು ಹಲುಬುತ್ತಾರೆ. ನನ್ನ ಎಣಿಕೆ ಬೇರೆ. 2020ರ ಅಕ್ಟೋಬರಿನಲ್ಲಿ ರೋಹ್ತಂಗಿನಡಿ ಅಟಲ್ ಸುರಂಗ ತೆರೆದ ಮೇಲೆ ಲಾರಿಗಳು ಕೆಳಗಿನಿಂದ ಹೋಗುತ್ತವೆ, 3,978 ಮೀಟರಿನ ರೋಹ್ತಂಗಿನ ಏರನ್ನು ಹೊಗೆ ಕುಡಿಯದೆ ತುಳಿಯಬಹುದು. ಚಳಿಗಾಲದಲ್ಲಿ ಹಿಂದೆಲ್ಲ ತಿಂಗಳುಗಟ್ಟಲೆ ಹೊರಗಿನ ದಾರಿ ಕಡಿದುಹೋಗುತ್ತಿದ್ದ ಲಾಹೌಲಿನವರು ಈಗ ಆಸ್ಪತ್ರೆಗೆಂದು ಕುಲುವಿಗೆ ಹೋಗಿಬರುತ್ತಾರೆ. ಜಾಂಸ್ಕರಿನವರಿಗೂ ಅದು ಆಗಲಿ, ಮೇಲಿನ ರಸ್ತೆ ಕುರಿಗಳಿಗೂ ಸೈಕಲ್ಲಿನವರಿಗೂ ಉಳಿಯಲಿ. ಸೆಪ್ಟೆಂಬರಿಗೆ ರಜೆ ಅರ್ಜಿ ಬರೆದಿಟ್ಟಿದ್ದೇನೆ: ಜಿಸ್ಪಾ ಎರಡು ರಾತ್ರಿ, ಜಾಂಸ್ಕರ್ ಸುಮ್ದೋ ಎರಡು ರಾತ್ರಿ, ಮರುದಿನ ಕಣಿವೆ. ಹುಬ್ಬಳ್ಳಿಯ ಹುಡುಗ ತಾನೂ ಬರುತ್ತೇನೆಂದಿದ್ದಾನೆ, ಅವನ ಮ್ಯಾನೇಜರ್ ಒಪ್ಪುವುದೊಂದು ಬಾಕಿ.