ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ: 8ನೇ ತರಗತಿಗೆ ಒಂದು ಪ್ರವಾಸ ಯೋಜನೆಯ ಪಾಠ

ಇದು ಯಾವುದೇ ಪಠ್ಯಪುಸ್ತಕದ ಅಧ್ಯಾಯವಲ್ಲ. ಸಮಾಜ ವಿಜ್ಞಾನದ ನಕ್ಷೆ ಓದುವಿಕೆ, ಗಣಿತದ ಕಾಲ-ದೂರ-ವೇಗ, ಕನ್ನಡದ ಪತ್ರಲೇಖನ ಈ ಮೂರನ್ನೂ ಒಂದೇ ಕೆಲಸಕ್ಕೆ ಜೋಡಿಸಿ, ನಮ್ಮ ಪ್ರಶಿಕ್ಷಣಾರ್ಥಿಗಳ ಇಂಟರ್ನ್‌ಶಿಪ್ ಅವಧಿಯಲ್ಲಿ ಯಲಹಂಕದ ಒಂದು ಪ್ರೌಢಶಾಲೆಯಲ್ಲಿ ನಾನು ಮಾಡಿದ ಪ್ರಾತ್ಯಕ್ಷಿಕೆ ಪಾಠ. 40 ನಿಮಿಷದ ಮೂರು ಅವಧಿ ಹಿಡಿಯಿತು. ನಕ್ಷೆ ಬಿಡಿಸಲು ದೊಡ್ಡ ಹಾಳೆ, ಬಣ್ಣದ ಪೆನ್ಸಿಲ್, ಮೆಟ್ರೊ ಮಾರ್ಗದ ಒಂದು ಚಿತ್ರಪಟ ಬಿಟ್ಟರೆ ಬೇರೆ ಬೋಧನೋಪಕರಣ ಬೇಕಾಗಲಿಲ್ಲ. ಕೆಲವು ಪ್ರಶಿಕ್ಷಣಾರ್ಥಿಗಳು ಇದನ್ನು ತಮ್ಮ ಶಾಲೆಗಳಲ್ಲಿ ಮಾಡಲು ಕೇಳಿದ್ದರಿಂದ ಕ್ರಮವನ್ನೂ ಅದರ ಹಿಂದಿನ ಕಾರಣಗಳನ್ನೂ ಇಲ್ಲಿ ಬರೆದಿದ್ದೇನೆ.

ಕಲಿಕಾ ಫಲಗಳನ್ನು ಮೂರು ಸಾಲಿನಲ್ಲಿ ಇಟ್ಟುಕೊಂಡಿದ್ದೆ. ವಿದ್ಯಾರ್ಥಿಯು ಎರಡು ಸ್ಥಳಗಳ ನಡುವಿನ ದೂರ ಮತ್ತು ಪ್ರಯಾಣದ ಕಾಲ ಬೇರೆ ಬೇರೆ ಎಂಬುದನ್ನು ಲೆಕ್ಕದಿಂದ ತೋರಿಸುತ್ತಾನೆ/ಳೆ. ನಗರದ ಸ್ಥಳಗಳನ್ನು ದಿಕ್ಕು ಮತ್ತು ಮಾರ್ಗದ ಆಧಾರದ ಮೇಲೆ ಗುಂಪು ಮಾಡುತ್ತಾನೆ/ಳೆ. ಒಂದು ಸ್ಥಳವನ್ನು ಯೋಜನೆಯಿಂದ ಬಿಟ್ಟದ್ದಕ್ಕೆ ಕಾರಣ ಬರೆಯುತ್ತಾನೆ/ಳೆ. ಮೂರನೆಯದೇ ಈ ಪಾಠದ ಮುಖ್ಯ ಭಾಗ.

ಪೀಠಿಕೆಯ ಪ್ರಶ್ನೆ

ಪ್ರವಾಸದ ಪಾಠ ಎಂದ ಕೂಡಲೇ ನಮ್ಮ ಪಾಠ ಯೋಜನೆಗಳಲ್ಲಿ ಬರುವ ಮೊದಲ ಪ್ರಶ್ನೆ ಒಂದೇ: "ನಿಮ್ಮಲ್ಲಿ ಎಷ್ಟು ಜನ ಲಾಲ್‌ಬಾಗ್ ನೋಡಿದ್ದೀರಿ? ಕೈ ಎತ್ತಿ." ದಯವಿಟ್ಟು ಇದನ್ನು ಕೇಳಬೇಡಿ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಶಾಲೆಗಳಲ್ಲಿ ಅವಲೋಕನಕ್ಕೆ ಕೂತಾಗ ನಾನು ಅನೇಕ ಸಲ ಕಂಡದ್ದು ಇದು: ನಾಲ್ಕೈದು ಕೈಗಳು ಚಟ್ಟನೆ ಏಳುತ್ತವೆ, ಒಂದಷ್ಟು ಅರ್ಧ ಎದ್ದು ನಿಲ್ಲುತ್ತವೆ, ಉಳಿದ ಮಕ್ಕಳು ಮೇಜು ನೋಡುತ್ತಾರೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದು ಬೆಂಗಳೂರು ನೋಡದ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಭಾನುವಾರವೂ ಕೆಲಸಕ್ಕೆ ಹೋಗುವ ತಂದೆ ತಾಯಿ ಅವರಿಗೆ. ಕೈ ಎತ್ತಿಸುವ ಪ್ರಶ್ನೆ ಅವರನ್ನು ಪಾಠ ಶುರುವಾಗುವ ಮೊದಲೇ ಹೊರಗೆ ನಿಲ್ಲಿಸುತ್ತದೆ.

ಅದರ ಬದಲು ನಾನು ಕಪ್ಪುಹಲಗೆಯ ಮೇಲೆ ಒಂದು ಸಣ್ಣ ಪತ್ರ ಬರೆದೆ. ಮಡಕಶಿರಾ ಕಡೆಯಿಂದ ಅಜ್ಜಿ, ಚಿಕ್ಕಮ್ಮ, ಚಿಕ್ಕಪ್ಪ ಮತ್ತು ಹತ್ತು ವರ್ಷದ ಒಬ್ಬ ಹುಡುಗ ಬರುತ್ತಿದ್ದಾರೆ. ಹಿಂದೂಪುರದಲ್ಲಿ ರೈಲು ಹತ್ತುತ್ತಾರೆ. ಶನಿವಾರ ಮಧ್ಯಾಹ್ನ ಬಂದು ಭಾನುವಾರ ಸಂಜೆ ಹೊರಡಬೇಕು. "ಬೆಂಗಳೂರು ತೋರಿಸು" ಎಂದು ಬರೆದಿದ್ದಾರೆ. ಶನಿವಾರ ನಿಮಗೂ ಬೆಳಗಿನ ಶಾಲೆ. ಏನು ತೋರಿಸುತ್ತೀರಿ?

ಮಕ್ಕಳು ಈಗ ಪ್ರವಾಸಿಗರಲ್ಲ, ಮನೆಯವರು. ಲಾಲ್‌ಬಾಗ್ ನೋಡಿರದ ಹುಡುಗಿಗೂ ಯಲಹಂಕ ಸ್ಟೇಷನ್ನಿನಿಂದ ತನ್ನ ಮನೆಗೆ ಯಾವ ದಾರಿ ಎಂಬುದು ಗೊತ್ತು. ನೆಂಟರು ಎಲ್ಲಿ ಇಳಿಯಬೇಕು ಎಂಬ ಮೊದಲ ಪ್ರಶ್ನೆಗೆ ಉತ್ತರ ಬಂದದ್ದು ಹಿಂದಿನ ಬೆಂಚಿನಿಂದ: "ಮೆಜೆಸ್ಟಿಕ್‌ವರೆಗೆ ಯಾಕೆ ಹೋಗ್ಬೇಕು ಮಿಸ್, ಯಲಹಂಕದಲ್ಲೇ ಇಳೀಲಿ." ಗೌರಿಬಿದನೂರು, ದೊಡ್ಡಬಳ್ಳಾಪುರದ ಮೇಲೆ ಬರುವ ಆ ರೈಲುಮಾರ್ಗ ಯಲಹಂಕವನ್ನು ಮುಟ್ಟಿಯೇ ಮುಂದೆ ಹೋಗುತ್ತದೆ. ತುಮಕೂರು ಕಡೆಯವರಾದರೆ? ಯಶವಂತಪುರ. ಚಿಕ್ಕಬಳ್ಳಾಪುರದಿಂದ ಬಸ್ಸಾದರೆ? ಬಳ್ಳಾರಿ ರಸ್ತೆ, ಹೆಬ್ಬಾಳ. ದೊಡ್ಡ ನಗರಕ್ಕೆ ಹಲವು ಬಾಗಿಲುಗಳಿರುತ್ತವೆ, ಬರುವ ದಿಕ್ಕಿಗೆ ತಕ್ಕಂತೆ ಬಾಗಿಲು ಆರಿಸಬೇಕು ಎಂಬ ಅಂಶ ಐದು ನಿಮಿಷದಲ್ಲಿ ಮಕ್ಕಳ ಬಾಯಿಂದಲೇ ಬಂತು.

ಗಂಟೆಯ ನಕ್ಷೆ

ಗುಂಪುಗಳು ಮೊದಲು ಬರೆದ ಪಟ್ಟಿಗಳು ನಿರೀಕ್ಷೆಯಂತೆಯೇ ಉದ್ದವಾಗಿದ್ದವು. ವಿಧಾನಸೌಧ, ಕಬ್ಬನ್ ಪಾರ್ಕ್, ಲಾಲ್‌ಬಾಗ್, ಇಸ್ಕಾನ್, ಬಸವನಗುಡಿಯ ದೊಡ್ಡ ಬಸವ, ಟಿಪ್ಪು ಅರಮನೆ, ಬನ್ನೇರುಘಟ್ಟ, ನಂದಿಬೆಟ್ಟ, ಏರ್‌ಪೋರ್ಟು, ಎರಡು ಮಾಲು. ನಾನು ಏನನ್ನೂ ಅಳಿಸಲಿಲ್ಲ. ಮನೆಗೆಲಸವಾಗಿ ಒಂದೇ ಪ್ರಶ್ನೆ ಕೊಟ್ಟೆ: ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಮೆಜೆಸ್ಟಿಕ್‌ಗೋ ಯಶವಂತಪುರಕ್ಕೋ ಹೋಗಿ ಬರುವವರನ್ನು ಕೇಳಿ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದುಕೊಂಡು ಬನ್ನಿ. ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನೂ ಸೇರಿಸಿ.

ಮರುದಿನ ತರಗತಿ ಜಗಳದಿಂದ ಶುರುವಾಯಿತು. ಯಲಹಂಕದಿಂದ ಮೆಜೆಸ್ಟಿಕ್‌ಗೆ ಮುಕ್ಕಾಲು ಗಂಟೆ ಎಂದಳು ಒಬ್ಬಳು. ಎರಡು ಗಂಟೆ ಎಂದ ಇನ್ನೊಬ್ಬ. ಇಬ್ಬರೂ ಅಪ್ಪಂದಿರನ್ನು ಸಾಕ್ಷಿಗೆ ಕರೆದರು. ದೂರ ಸುಮಾರು 16 ಕಿ.ಮೀ. ಮೊದಲ ಲೆಕ್ಕದಲ್ಲಿ ವೇಗ ಗಂಟೆಗೆ ಸುಮಾರು 21 ಕಿ.ಮೀ., ಎರಡನೆಯದರಲ್ಲಿ 8. "ಎಂಟು ಅಂದ್ರೆ ಸೈಕಲ್ಲಿಗಿಂತ ನಿಧಾನ" ಎಂದು ಯಾರೋ ಕೂಗಿದರು. ದಿನ ಮತ್ತು ಹೊತ್ತಿನ ಕಾಲಂ ನೋಡಿದಾಗ ಜಗಳ ತಾನಾಗಿ ಮುಗಿಯಿತು. ಒಬ್ಬರದು ಭಾನುವಾರ ಬೆಳಗ್ಗೆ 7 ಗಂಟೆ, ಇನ್ನೊಬ್ಬರದು ಸೋಮವಾರ 9 ಗಂಟೆ.

ಕಾಲ-ದೂರ-ವೇಗದ ಲೆಕ್ಕಗಳಲ್ಲಿ ರೈಲು ಸದಾ ಒಂದೇ ವೇಗದಲ್ಲಿ ಓಡುತ್ತದೆ. ಮಕ್ಕಳು ಬದುಕುವ ರಸ್ತೆಯಲ್ಲಿ ವೇಗವೇ ಬದಲಾಗುವ ಸಂಖ್ಯೆ. ಇಷ್ಟು ಸರಳವಾದ ಮನೆಗೆಲಸದಿಂದ ಅದನ್ನು ಕಲಿಸಬಹುದಾಗಿದ್ದರೂ ನಮ್ಮ ಗಣಿತದ ಪಾಠ ಯೋಜನೆಗಳಲ್ಲಿ ಇದು ಅಪರೂಪ ಎಂಬುದು ನನಗೆ ಬಹಳ ದಿನದ ಬೇಸರ.

ನಂತರ ದೊಡ್ಡ ಹಾಳೆಯ ಮಧ್ಯೆ ಯಲಹಂಕ ಬರೆದು, ಅರ್ಧ ಗಂಟೆಗೆ ಒಂದರಂತೆ ವೃತ್ತಗಳನ್ನು ಎಳೆಸಿದೆ. ಸ್ಥಳಗಳನ್ನು ಕಿಲೋಮೀಟರಿನ ಪ್ರಕಾರವಲ್ಲದೆ ಭಾನುವಾರದ ಹೊತ್ತಿನ ಪ್ರಕಾರ ಇಡಬೇಕು. ಹೆಬ್ಬಾಳ ಒಳಗಿನ ವೃತ್ತದಲ್ಲಿ ಕೂತಿತು. ಬನ್ನೇರುಘಟ್ಟ ಹಾಳೆಯ ಅಂಚಿಗೆ ಹೋಯಿತು. ಅದು ನಗರದ ಆಚೆ ತುದಿ. ಅಲ್ಲಿಗೆ ಹೋಗಿಬಂದರೆ ಭಾನುವಾರ ಪೂರ್ತಿ ಮುಗಿಯುತ್ತದೆ, ಅಜ್ಜಿಗೆ ಕಾಣುವುದು ಬಸ್ಸಿನ ಕಿಟಕಿ ಮಾತ್ರ. ನಂದಿಬೆಟ್ಟಕ್ಕೂ ಇದೇ ತರ್ಕ ಹಿಡಿದರು, ಅದು ವಿರುದ್ಧ ದಿಕ್ಕಿನಲ್ಲಿದ್ದರೂ. ಆರು ಸ್ಥಳಗಳನ್ನು ನಾನು ಒಂದು ಮಾತೂ ಆಡದೆ ಮಕ್ಕಳೇ ಬಿಟ್ಟರು.

ಎಲ್ಲಿಂದ ಬೆಂಗಳೂರು ಶುರು?

ಎರಡನೆಯ ಅವಧಿಯ ಕೊನೆಗೆ ಚರಿತ್ರೆ ಬಂತು. ಯಲಹಂಕದ ಹಿರಿಯರು ಇಂದಿಗೂ ಮನೆಯಿಂದ ಹೊರಡುವಾಗ "ಬೆಂಗಳೂರಿಗೆ ಹೋಗಿ ಬರ್ತೀನಿ" ಎನ್ನುತ್ತಾರೆ. ಹಾಗಾದರೆ ನಾವು ಇರುವುದೆಲ್ಲಿ ಎಂದು ಕೇಳಿದೆ. 2007ರಲ್ಲಿ ಯಲಹಂಕ ಸೇರಿ ಏಳು ನಗರಸಭೆ, ಕೆಂಗೇರಿ ಪುರಸಭೆ ಹಾಗೂ ನೂರಕ್ಕೂ ಹೆಚ್ಚು ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. 2025ರ ಸೆಪ್ಟೆಂಬರಿನಲ್ಲಿ ಅದು ಮತ್ತೆ ಐದು ಪಾಲಿಕೆಗಳಾಗಿ ಒಡೆಯಿತು. ಇತ್ತ 1537ರಲ್ಲಿ ಬೆಂಗಳೂರಿನ ಕೋಟೆ-ಪೇಟೆ ಕಟ್ಟಿದ ಕೆಂಪೇಗೌಡರು ಯಲಹಂಕ ನಾಡಪ್ರಭುಗಳು. ಮನೆಯಿಂದ ಹೋಗಿ ಊರು ಕಟ್ಟಿದವರ ಮನೆಯನ್ನೇ ಊರು ಬಂದು ಸೇರಿಸಿಕೊಂಡಿತು ಎಂದು ಒಬ್ಬ ಹುಡುಗ ಹೇಳಿದ್ದನ್ನು ಹಾಗೇ ಹಲಗೆಯ ಮೇಲೆ ಬರೆದೆ.

ನಾಲ್ಕು ಗಡಿಗೋಪುರಗಳಲ್ಲಿ ಉತ್ತರದ್ದು ಮೇಖ್ರಿ ವೃತ್ತದ ಹತ್ತಿರ ಇದೆ. ಊರು ಇಷ್ಟರವರೆಗೆ ಬೆಳೆಯಬಹುದು ಎಂದು ನಿಲ್ಲಿಸಿದ್ದು ಎಂಬ ಪ್ರತೀತಿ ಇದೆ. ಈಗ ಅದರ ಉತ್ತರಕ್ಕೆ ಹೆಬ್ಬಾಳ, ಯಲಹಂಕ, ಅದಕ್ಕೂ ಆಚೆ 2008ರಲ್ಲಿ ಆರಂಭವಾದ ವಿಮಾನ ನಿಲ್ದಾಣ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿಟ್ಟಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಬೆಂಗಳೂರು ಎಂಬ ಹೆಸರು ಕಾಣಿಸುವ ಬೇಗೂರಿನ ಶಾಸನಕ್ಕಿಂತ ಒಂದು ಶತಮಾನಕ್ಕೂ ಹೆಚ್ಚು ಹಳೆಯದು. ಪ್ರವಾಸಿ ಪಟ್ಟಿಗಳಲ್ಲಿ ಉತ್ತರ ಬೆಂಗಳೂರು ಏರ್‌ಪೋರ್ಟ್ ರಸ್ತೆಯಾಗಿಯಷ್ಟೇ ಉಳಿದಿದೆ. ಶನಿವಾರದ ಅರ್ಧ ದಿನಕ್ಕೆ ಹೆಬ್ಬಾಳ ಕೆರೆ, ವೀರಗಲ್ಲಿನ ಕಥೆ, ಗೋಪುರ ಸಾಕು ಎಂದು ಮೂರು ಗುಂಪುಗಳು ತೀರ್ಮಾನಿಸಿದವು. ನವೆಂಬರ್ ಆಗಿದ್ದರೆ ಜಿಕೆವಿಕೆಯ ಕೃಷಿ ಮೇಳ ತೋರಿಸಬಹುದಿತ್ತು ಎಂದು ಒಬ್ಬಳು ಸೇರಿಸಿದಳು. ಬರುವವರು ಬೇಸಾಯದವರಲ್ಲವೇ. (ಆರ್.ಟಿ. ನಗರ ಎಂದರೆ ರವೀಂದ್ರನಾಥ ಟ್ಯಾಗೋರ್ ನಗರ ಎಂಬುದು ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಪ್ರಶಿಕ್ಷಣಾರ್ಥಿಗಳಲ್ಲೂ ಇಬ್ಬರಿಗೆ ಮಾತ್ರ.)

ಭಾನುವಾರಕ್ಕೆ ಬೆನ್ನೆಲುಬಾಗಿ ಎಲ್ಲರೂ ಮೆಟ್ರೊದ ಹಸಿರು ಮಾರ್ಗ ಹಿಡಿದರು. ಯಶವಂತಪುರದಲ್ಲಿ ಹತ್ತಿದರೆ ಬದಲಾಯಿಸದೆ ಲಾಲ್‌ಬಾಗ್. ಅಲ್ಲಿ 1889ರ ಗಾಜಿನ ಮನೆಗಿಂತ ಮುನ್ನೂರು ಕೋಟಿ ವರ್ಷದ ಬಂಡೆಯನ್ನು ಮೊದಲು ತೋರಿಸಿ ಎಂದು ವಿಜ್ಞಾನದ ಪ್ರಶಿಕ್ಷಣಾರ್ಥಿಯೊಬ್ಬರು ಸೂಚಿಸಿದರು. ವಾಪಸು ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ವಿಧಾನಸೌಧ, ಕಬ್ಬನ್ ಪಾರ್ಕ್, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಹತ್ತಿರ ಹತ್ತಿರ. ಯಲಹಂಕದಿಂದ ಯಶವಂತಪುರಕ್ಕೆ ಹೋಗಲು ಕೊಡಿಗೇಹಳ್ಳಿ, ಲೊಟ್ಟೆಗೊಲ್ಲಹಳ್ಳಿ ಮೇಲಿನ ರೈಲು ಸಿಕ್ಕರೆ ಹೆಬ್ಬಾಳದ ದಟ್ಟಣೆಯ ಗೊಡವೆಯಿಲ್ಲ. ಆದರೆ ಆ ರೈಲುಗಳು ಬಸ್ಸಿನಷ್ಟು ಪದೇ ಪದೇ ಬರುವುದಿಲ್ಲ. ಭಾನುವಾರ ಮೆಟ್ರೊ ವಾರದ ದಿನಗಳಿಗಿಂತ ತಡವಾಗಿ ಶುರುವಾಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಾರಾಲಯಕ್ಕೆ ಸೋಮವಾರ ರಜೆ, ಬನ್ನೇರುಘಟ್ಟಕ್ಕೆ ಮಂಗಳವಾರ ರಜೆ ಎಂಬಂಥ ವಿವರಗಳನ್ನು ಮಕ್ಕಳೇ ಹುಡುಕಿ ತರಲಿ.

ಟಿಕೆಟ್ಟಿನ ಲೆಕ್ಕ

ಮೂರನೆಯ ಅವಧಿ ಖರ್ಚಿನದು. ಇಲ್ಲಿ ಪ್ರಶಿಕ್ಷಣಾರ್ಥಿಗಳು ಸ್ವಲ್ಪ ನಿಂತು ಓದಬೇಕು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಬಿಎಂಟಿಸಿಯಲ್ಲಿ 6ರಿಂದ 12 ವರ್ಷದವರಿಗೆ ಅರ್ಧ ಟಿಕೆಟ್. ಮೆಟ್ರೊದಲ್ಲಿ ಮೂರು ಅಡಿಗಿಂತ ಎತ್ತರದ ಎಲ್ಲರಿಗೂ ಪೂರ್ತಿ ಟಿಕೆಟ್. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಅದು ದೂರಕ್ಕೆ ತಕ್ಕಂತೆ 10ರಿಂದ 90 ರೂಪಾಯಿ ಆಯಿತು. ಹಿರಿಯರ ರಿಯಾಯಿತಿಯನ್ನು ಬದಿಗಿಟ್ಟು ಲೆಕ್ಕ ಹಾಕಿಸಿದೆ. ನೆಂಟರು ಗೌರಿಬಿದನೂರಿನವರಾಗಿದ್ದರೆ ಬಸ್ಸಿನಲ್ಲಿ ನಾಲ್ವರಿಗೆ ಒಂದೂವರೆ ಟಿಕೆಟ್. ಮಡಕಶಿರಾದವರಾದ್ದರಿಂದ ಮೂರೂವರೆ. ಮೆಟ್ರೊದಲ್ಲಿ ಎರಡೂ ಸಂದರ್ಭದಲ್ಲಿ ನಾಲ್ಕು. "ಅಲ್ಲಿಯವರೂ ಕನ್ನಡವೇ ಮಾತಾಡೋದು ಮಿಸ್" ಎಂಬ ಆಕ್ಷೇಪ ಬಂತು. ಮಾತಿನ ಗಡಿಗೂ ರಾಜ್ಯದ ಗಡಿಗೂ ಇರುವ ವ್ಯತ್ಯಾಸದ ಬಗ್ಗೆ ನಾನು ಸಿದ್ಧಪಡಿಸಿದ್ದ ವಿವರಣೆಗಿಂತ ಈ ಆಕ್ಷೇಪ ಹೆಚ್ಚು ಕೆಲಸ ಮಾಡಿತು.

ನೆಂಟರ ಜೊತೆ ಮನೆಯವರೊಬ್ಬರು ಹೋಗಬೇಕೆಂಬ ಷರತ್ತೂ ಇತ್ತು. ಹೆಚ್ಚಿನವರು ಅಮ್ಮನನ್ನು ಸೇರಿಸಿ ಸೊನ್ನೆ ಎಂದು ಬರೆದರು. ಸಂಜೆ ನೋಟ್‌ಪುಸ್ತಕ ತಿದ್ದುವಾಗ ಒಂದರಲ್ಲಿ ಕಂಡೆ: "ಅಮ್ಮ: ಪೂರ್ತಿ ಟಿಕೆಟ್. ಆಧಾರ್ ಇನ್ನೂ ಊರಿಂದು." ಆ ಹುಡುಗಿಯ ಮನೆಯವರು ಬೇರೆ ರಾಜ್ಯದಿಂದ ಕಟ್ಟಡ ಕೆಲಸಕ್ಕೆ ಬಂದವರು. ಅವಳು ಇದನ್ನು ತರಗತಿಯಲ್ಲಿ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. "ನಿಮ್ಮ ಮನೆಯಲ್ಲಿ ಯಾರಿಗೆ ಉಚಿತ ಟಿಕೆಟ್?" ಎಂದು ನೇರವಾಗಿ ಕೇಳಿದ್ದರೆ ಅವಳು ಸುಳ್ಳು ಹೇಳಬೇಕಿತ್ತು, ಇಲ್ಲವೇ ನಲವತ್ತು ಜನರ ಎದುರು ವಿವರಿಸಬೇಕಿತ್ತು. ನಾನು ಅವಳ ಲೆಕ್ಕದ ಮುಂದೆ ಸರಿ ಗುರುತು ಹಾಕಿದೆ, ಬೇರೇನೂ ಬರೆಯಲಿಲ್ಲ. ತರಗತಿ ಶಿಕ್ಷಕಿಗೆ ಮಾತ್ರ, ವಿಳಾಸ ಬದಲಾವಣೆಗೆ ಏನು ಮಾಡಬಹುದೆಂದು ಆ ತಾಯಿಗೆ ಪ್ರತ್ಯೇಕವಾಗಿ ತಿಳಿಸಲು ಹೇಳಿದೆ. ಖರ್ಚಿನ ಪಾಠದಲ್ಲಿ ಕಲ್ಪಿತ ಕುಟುಂಬವೊಂದನ್ನು ಇಟ್ಟುಕೊಳ್ಳಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿ. ತನ್ನ ಮನೆಯ ಲೆಕ್ಕ ಸೇರಿಸಬೇಕೆನಿಸಿದ ಮಗು ಪುಸ್ತಕದಲ್ಲಿ ಸೇರಿಸುತ್ತದೆ.

ಮೌಲ್ಯಮಾಪನ

ಪ್ರತಿ ಗುಂಪು ನೆಂಟರಿಗೆ ಒಂದು ಪುಟದ ಪತ್ರ ಬರೆಯಬೇಕು: ಎಲ್ಲಿ ಇಳಿಯಬೇಕು, ಏನು ತೋರಿಸುತ್ತೇವೆ, ಯಾವುದನ್ನು ಈ ಸಲ ತೋರಿಸುವುದಿಲ್ಲ, ಏಕೆ. 20 ಅಂಕಗಳಲ್ಲಿ ಮಾರ್ಗ ಮತ್ತು ಕಾಲಕ್ಕೆ 6, ಖರ್ಚಿಗೆ 4, ಪತ್ರದ ಭಾಷೆಗೆ 4, ಬಿಟ್ಟದ್ದರ ಕಾರಣಕ್ಕೆ 6 ಎಂದು ಹಂಚಿದ್ದೆ. ಸ್ಥಳಗಳ ಸಂಖ್ಯೆಗೆ ಅಂಕ ಕೊಟ್ಟರೆ ಪಟ್ಟಿ ಮತ್ತೆ ಉದ್ದವಾಗುತ್ತದೆ, ಮೂರು ಅವಧಿಯ ಶ್ರಮ ನೀರಿಗೆ ಹೋಗುತ್ತದೆ.

ಒಂದು ಗುಂಪಿನ ವೇಳಾಪಟ್ಟಿಯಲ್ಲಿ ಭಾನುವಾರ 1ರಿಂದ 3 ಗಂಟೆಯವರೆಗೆ ಖಾಲಿ ಇತ್ತು. ಇದನ್ನು ಅಪೂರ್ಣವೆಂದು ಪರಿಗಣಿಸಿ ಎರಡು ಅಂಕ ಕಳೆಯಬೇಕೆಂದು ಅವಲೋಕಕರಾಗಿದ್ದ ಪ್ರಶಿಕ್ಷಣಾರ್ಥಿ ಟಿಪ್ಪಣಿ ಬರೆದಿದ್ದರು. ಗುಂಪಿನವರನ್ನೇ ಕರೆದು ಕೇಳಿದೆವು. "ಕಬ್ಬನ್ ಪಾರ್ಕಲ್ಲಿ ಮರದ ಕೆಳಗೆ ಬುತ್ತಿ ಬಿಚ್ತೀವಿ ಮಿಸ್. ಆಮೇಲೆ ಅಜ್ಜಿ ಮಲಗ್ತಾರೆ. ಅವರು ಏಳೋವರೆಗೂ ಎಲ್ಲೂ ಹೋಗಲ್ಲ." ಪ್ರಶಿಕ್ಷಣಾರ್ಥಿ ತಮ್ಮ ಟಿಪ್ಪಣಿಯನ್ನು ತಾವೇ ಹೊಡೆದುಹಾಕಿ, ಕಾರಣದ ಕಾಲಂನಲ್ಲಿ ಪೂರ್ತಿ 6 ಬರೆದರು.