ದಿವ್ಯದರ್ಶನದ ಚಿತ್ರಗಳಲ್ಲಿ ಬೆಳಕು

ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮ್ಮ ಮನೆಗಳಲ್ಲಿ ದೇವರ ಪಟವಿಲ್ಲದ ಮನೆ ವಿರಳ. ಪಟದ ಕೆಳಗಿನ ತಿಥಿ-ವಾರ ಮರಾಠಿಯಲ್ಲಿದ್ದರೂ ಮನೆಮಾತು ಕನ್ನಡವಾಗಿರಬಹುದು. ಚಿತ್ರಕ್ಕೆ ಮಾತ್ರ ಭಾಷೆಯ ಗಡಿಯಿಲ್ಲ.

ಬಹು ವರ್ಷಗಳ ಹಿಂದೆ ನಾನು ತರಗತಿಯಲ್ಲಿ ವಿಶ್ವರೂಪದರ್ಶನದ ಪಟವೊಂದನ್ನು ತೋರಿಸುತ್ತಿದ್ದೆನು. ಒಬ್ಬ ಬಾಲಕನು ಎದ್ದು, "ಗುರುಗಳೇ, ಬೆಳಕು ಕೃಷ್ಣನ ಬೆನ್ನ ಹಿಂದ ಅದ. ಮತ್ತ ಮುಖದ ಮ್ಯಾಲ ನೆರಳು ಯಾಕಿಲ್ಲ?" ಎಂದು ಕೇಳಿದನು. ಉತ್ತರ ತಿಳಿಯದ ನಾನು, ಅಧಿಕಪ್ರಸಂಗವೆಂದು ಗದರಿಸಿ ಕೂರಿಸಿದೆನು. ಆ ಋಣವನ್ನು ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ತೀರಿಸಲು ಯತ್ನಿಸುವೆನು.

ಗೀತೆಯ 11ನೆಯ ಅಧ್ಯಾಯವು ವಿಶ್ವರೂಪದ ತೇಜಸ್ಸನ್ನು ಏಕಕಾಲಕ್ಕೆ ಉದಯಿಸಿದ ಸಹಸ್ರ ಸೂರ್ಯರ ಪ್ರಭೆಗೆ ಹೋಲಿಸುತ್ತದೆ. ಚಿತ್ರಕಾರನ ಬಳಿಯಾದರೋ ಬಿಳಿಯ ಬಣ್ಣಕ್ಕಿಂತ ಹೆಚ್ಚು ಬೆಳಗುವ ಬಣ್ಣವಿಲ್ಲ. ಆದುದರಿಂದ ಅವನು ಉಪಾಯಗಳನ್ನು ಹುಡುಕಬೇಕಾಯಿತು. ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರು ಪ್ರಭಾವಳಿಯನ್ನು ಉಬ್ಬುಗೆಲಸದಿಂದ ರಚಿಸಿ, ಅದರ ಮೇಲೆ ಚಿನ್ನದ ಹಾಳೆಯನ್ನು ಅಂಟಿಸಿದರು. ದೇವರ ಮನೆಯ ದೀಪವೇ ಅದನ್ನು ಬೆಳಗಿಸುತ್ತಿತ್ತು. ರಾಜಾ ರವಿವರ್ಮನು (1848-1906) ಪಾಶ್ಚಾತ್ಯ ತೈಲವರ್ಣದ ಕ್ರಮದಲ್ಲಿ ಬೆಳಕು-ನೆರಳುಗಳನ್ನು ತಂದು ದೇವತೆಗಳಿಗೆ ಮಾನವರ ಮೈಕಟ್ಟನ್ನಿತ್ತನು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಅವನ ಮುದ್ರಣಾಲಯದಿಂದ ಆ ಚಿತ್ರಗಳು ಜನಸಾಮಾನ್ಯರ ಮನೆ ಸೇರಿದವು. ನಮ್ಮ ನೆರೆಯ ಕಲಬುರಗಿಯವರೇ ಆದ ಎಸ್. ಎಂ. ಪಂಡಿತರು (1916-1993) ಪುರಾಣದ ಪ್ರಸಂಗಗಳನ್ನು ಕ್ಯಾಲೆಂಡರುಗಳ ಮೂಲಕ ದೇಶಕ್ಕೆಲ್ಲ ಪರಿಚಯಿಸಿದರು. ಇಂಥ ಚಿತ್ರಗಳಲ್ಲಿ ಸುತ್ತಲ ಬಣ್ಣವನ್ನು ಮಬ್ಬುಗೊಳಿಸಿದರೆ ನಡುವಿನ ಮೂರ್ತಿಯು ತಾನೇ ಬೆಳಗುವಂತೆ ತೋರುತ್ತದೆ.

ಇನ್ನು ಬಾಲಕನ ಪ್ರಶ್ನೆ. ಇಂಥ ಪಟದಲ್ಲಿ ಎರಡು ಬೆಳಕುಗಳಿವೆ. ಒಂದು ಮುಂದಿನಿಂದ ಬಿದ್ದು ಮುಖವನ್ನು ಕಾಣಿಸುವ ಬೆಳಕು. ಇನ್ನೊಂದು ಪ್ರಭಾವಳಿ; ಅದು ದೀಪವಲ್ಲ, ಜ್ಞಾನದ ಸಂಕೇತ. ಸಂಕೇತಕ್ಕೆ ನೆರಳಿಲ್ಲ.

ದಿವ್ಯಚಕ್ಷುವನ್ನು ಪಡೆದ ಅರ್ಜುನನಿಗೆ ಕಂಡದ್ದು ಅದೇ ರಣರಂಗದಲ್ಲಿದ್ದ ಸೈನಿಕರಿಗೆ ಕಾಣಲಿಲ್ಲ. ಆದಕಾರಣ ವಿದ್ಯಾರ್ಥಿಗಳು ಇಂಥ ಪಟವನ್ನು ನೋಡುವಾಗ ಮೊದಲು ಅರ್ಜುನನ ಮುಖವನ್ನೂ ಮುಗಿದ ಕೈಗಳನ್ನೂ ಗಮನಿಸಬೇಕು. ದರ್ಶನದ ಬೆಳಕಿಗೆ ಕಂಡವನ ಮುಖವೇ ಸಾಕ್ಷಿ.

ಅಂದು ಪ್ರಶ್ನೆ ಕೇಳಿದ ಬಾಲಕನ ಮುಖದಲ್ಲಿಯೂ ಅಂಥ ಬೆಳಕಿತ್ತು. ನಾನು ಅದನ್ನು ನಂದಿಸಿದೆನು. ಇಂದಿನ ಶಿಕ್ಷಕ ಬಂಧುಗಳಲ್ಲಿ ನನ್ನದೊಂದೇ ಬಿನ್ನಹ: ಉತ್ತರ ತಿಳಿಯದಿದ್ದರೆ "ನಾಳೆ ಓದಿಕೊಂಡು ಬಂದು ಹೇಳುವೆ" ಎನ್ನಿರಿ, ಪ್ರಶ್ನೆ ಕೇಳಿದ ಮಗುವನ್ನು ಮಾತ್ರ ಕೂರಿಸಬೇಡಿರಿ.