ಡಿಲೀಟ್ ಒತ್ತುವ ಮುಂಚೆ

ತಮ್ಮಾ, ಮದುವೆಯಿರಲಿ, ಗೃಹಪ್ರವೇಶವಿರಲಿ, ಅಜ್ಜನ ಎಂಬತ್ತರ ಶಾಂತಿಯಿರಲಿ, ಮುಗಿದ ಮೇಲೆ ಮನೆಗೊಂದು ಪೆನ್‌ಡ್ರೈವ್ ಬಂದೇ ಬರುತ್ತದೆ. ಅದರಲ್ಲಿ ಒಂದಾದರೂ ವಿಡಿಯೋ ಕಂಪ್ಯೂಟರಿನಲ್ಲಿ ಓಡುವುದಿಲ್ಲ. "ಫೈಲ್ ಕರಪ್ಟ್ ಆಗಿದೆ, ತೆಗೆದುಹಾಕಿ" ಎನ್ನುವ ತಜ್ಞರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರ ಮಾತು ಕೇಳುವ ಮುಂಚೆ ಇದನ್ನೊಮ್ಮೆ ಓದಿಕೋ.

• ಪೆನ್‌ಡ್ರೈವಿನಿಂದಲೇ ನೋಡಲು ಹೋಗಬೇಡ. ಕಂಪ್ಯೂಟರಿಗೆ ಕಾಪಿ ಮಾಡಿಕೊಂಡು ನೋಡು. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಎರಡೂ ಕಡೆಯ ಸೈಜ್ ತಾಳೆ ಹಾಕು. ಕಡಿಮೆಯಿದ್ದರೆ ಕಾಪಿ ಅರ್ಧಕ್ಕೇ ನಿಂತಿದೆ ಎಂದರ್ಥ, ಇನ್ನೊಮ್ಮೆ ಮಾಡು.

• ಫೈಲಿನ ಹೆಸರಿನ ಕೊನೆಯಲ್ಲಿ ಎಂಪಿ4 ಎಂದಿದ್ದರೆ ಸಾಕು ಎಂದುಕೊಳ್ಳಬೇಡ. ಡಬ್ಬದ ಮೇಲೆ ಸಕ್ಕರೆ ಅಂತ ಬರೆದಿದ್ದರೂ ಒಳಗೆ ರವೆ ಇರುವುದು ನಿಮ್ಮ ಅತ್ತೆಯ ಅಡುಗೆಮನೆಯಲ್ಲಿ ಮಾಮೂಲು. ಎಂಪಿ4, ಎಂಕೆವಿ, ಎವಿಐ ಇವೆಲ್ಲ ಬರೀ ಡಬ್ಬಗಳು. ಒಳಗಿನ ಚಿತ್ರವನ್ನು ಯಾವ ಕೋಡೆಕ್‌ನಲ್ಲಿ ಅಡಕ ಮಾಡಿದ್ದಾರೆ ಎನ್ನುವುದೇ ಮುಖ್ಯ. ಹಳೆಯ ಎಚ್.264 ಎಲ್ಲ ಕಡೆ ಓಡುತ್ತದೆ. 2013ರಲ್ಲಿ ಬಂದ ಎಚ್.265, ಅಂದರೆ ಎಚ್‌ಇವಿಸಿ, ಅದೇ ಗುಣಮಟ್ಟವನ್ನು ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಹಿಡಿಸುತ್ತದೆ. ಆದರೆ ವಿಂಡೋಸ್‌ನ ಸ್ವಂತ ಪ್ಲೇಯರ್ ಎಷ್ಟೋ ಕಂಪ್ಯೂಟರುಗಳಲ್ಲಿ ಅದನ್ನು ಕಂಡು ಕೈಚೆಲ್ಲಿ, ದುಡ್ಡು ಕೊಟ್ಟು ಕೋಡೆಕ್ ಕೊಳ್ಳಿ ಅನ್ನುತ್ತದೆ.

• ಐಫೋನಿನ ವಿಡಿಯೋ ತಕರಾರು ಮಾಡಿದರೆ ಬಹುಪಾಲು ಕಾರಣ ಇದೇ. 2017ರಿಂದ ಅದು ಎಚ್‌ಇವಿಸಿಯಲ್ಲೇ ರೆಕಾರ್ಡ್ ಮಾಡುತ್ತದೆ. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸು. ಇದು ಮುಂದಿನ ವಿಡಿಯೋಗಳಿಗೆ ಮಾತ್ರ. ಆಗಲೇ ತೆಗೆದದ್ದು ಬದಲಾಗುವುದಿಲ್ಲ.

• ಆಗಲೇ ತೆಗೆದದ್ದಕ್ಕೆ ವಿಎಲ್‌ಸಿ ಎಂಬ ಪ್ಲೇಯರ್ ಹಾಕಿಕೋ. ಪ್ಯಾರಿಸ್ಸಿನ ಕಾಲೇಜು ಹುಡುಗರು ಶುರುಮಾಡಿದ್ದು, ಇವತ್ತಿಗೂ ಪುಕ್ಕಟೆ, ಕೋಡೆಕ್‌ಗಳೆಲ್ಲ ಅದರೊಳಗೇ ಇವೆ. ಅದರ ಅಧಿಕೃತ ವೆಬ್‌ಸೈಟಿನಿಂದಲೇ ಇಳಿಸಿಕೋ. 2022ರಲ್ಲಿ ಕೆಲವು ತಿಂಗಳು ನಮ್ಮ ದೇಶದಲ್ಲಿ ಆ ಸೈಟೇ ತೆರೆಯುತ್ತಿರಲಿಲ್ಲ, ನವೆಂಬರಿನಲ್ಲಿ ತಡೆ ತೆಗೆದರು. ಈಗ ಕಂಡಕಂಡಲ್ಲಿ ಹುಡುಕುವ ದರ್ದು ಇಲ್ಲ. ವಿಡಿಯೋ ಓಡುವಾಗ ಕಂಟ್ರೋಲ್ ಮತ್ತು ಜೆ ಒತ್ತಿದರೆ ಒಳಗೆ ಯಾವ ಕೋಡೆಕ್ ಇದೆ ಎಂದೂ ಹೇಳುತ್ತದೆ.

• 'ಕೋಡೆಕ್ ಪ್ಯಾಕ್ ಇಳಿಸಿಕೊಂಡರೆ ಮಾತ್ರ ಈ ವಿಡಿಯೋ ಓಡುತ್ತದೆ' ಎಂದು ಯಾವುದಾದರೂ ಪುಟ ಹೇಳಿದರೆ ಮುಚ್ಚಿಬಿಡು. ಇಳಿಸಿಕೊಂಡ ಫೈಲಿನ ಹೆಸರು ನೋಡಿಯೂ ಮೋಸಹೋಗಬೇಡ. ವಿಂಡೋಸ್ ಫೈಲಿನ ಕೊನೆಯ ಹೆಸರನ್ನು ತಾನಾಗಿಯೇ ಅಡಗಿಸಿಡುತ್ತದೆ. 'ಮದುವೆ.ಎಂಪಿ4.ಇಎಕ್ಸ್‌ಇ' ನಿನ್ನ ಕಣ್ಣಿಗೆ 'ಮದುವೆ.ಎಂಪಿ4' ಎಂದಷ್ಟೇ ಕಾಣುತ್ತದೆ. ಅದು ವಿಡಿಯೋ ಅಲ್ಲ, ವೈರಸ್.

• ಚಿತ್ರವಿದ್ದು ಮಾತು ಕೇಳಿಸದಿದ್ದರೆ, ಅಥವಾ ಮಾತು ಕೇಳಿಸಿ ಪರದೆ ಕಪ್ಪಾಗಿದ್ದರೆ ಸಂತೋಷಪಡು. ಫೈಲ್ ಸರಿಯಿದೆ, ಪ್ಲೇಯರಿಗೆ ಒಂದು ಭಾಗ ಅರ್ಥವಾಗುತ್ತಿಲ್ಲ, ಅಷ್ಟೇ. ಚಿತ್ರ ತಡೆತಡೆದು ಓಡಿದರೆ 4ಕೆ ವಿಡಿಯೋದ ಭಾರ ನಿನ್ನ ಹಳೇ ಲ್ಯಾಪ್‌ಟಾಪಿಗೆ ಹೆಚ್ಚಾಗಿದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ 1080ಪಿ, ಎಚ್.264ಕ್ಕೆ ಇಳಿಸಿ ಇನ್ನೊಂದು ಪ್ರತಿ ಮಾಡಿಕೋ. ಮೂಲ ಫೈಲ್ ಹಾಗೇ ಇರಲಿ.

• ನಿಜವಾಗಿ ಪೆಟ್ಟು ತಿನ್ನುವ ಫೈಲುಗಳೂ ಇವೆ. ರೆಕಾರ್ಡಿಂಗ್ ನಡೆಯುತ್ತಿದ್ದಾಗಲೇ ಕ್ಯಾಮೆರಾದ ಬ್ಯಾಟರಿ ಮುಗಿಯಿತು, ಇಲ್ಲವೇ ಯಾರೋ ಕಾರ್ಡ್ ಕಿತ್ತರು ಅಂತಿಟ್ಟುಕೋ. ಯಾವ ದೃಶ್ಯ ಎಲ್ಲಿದೆ ಎಂಬ ಸೂಚಿಯನ್ನು ಎಂಪಿ4 ಫೈಲಿಗೆ ಕ್ಯಾಮೆರಾಗಳು ಸಾಮಾನ್ಯವಾಗಿ ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ಬರೆಯುತ್ತವೆ. ಅದು ಇಲ್ಲದಿದ್ದರೆ ಮೂರು ಜಿಬಿ ಚಿತ್ರ ಒಳಗಿದ್ದರೂ ವಿಎಲ್‌ಸಿಗೂ ದಾರಿ ತಿಳಿಯದು. ಸೈಜ್ ದೊಡ್ಡದು, ಆದರೆ ಒಂದು ಕ್ಷಣವೂ ಓಡದು: ಇದೇ ಗುರುತು. ಆ ಕಾರ್ಡಿಗೆ ಮತ್ತೇನೂ ತುಂಬಬೇಡ, ಫಾರ್ಮ್ಯಾಟ್ ಮಾಡಬೇಡ. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ, ಸರಿಯಾಗಿ ಓಡುವ ಇನ್ನೊಂದು ತುಣುಕು ಹುಡುಕಿಟ್ಟುಕೋ. ಅದನ್ನು ಮಾದರಿಯಾಗಿ ಕೊಟ್ಟರೆ ಅನ್‌ಟ್ರಂಕ್‌ನಂಥ ತಂತ್ರಾಂಶ ಸೂಚಿಯನ್ನು ಹೊಸದಾಗಿ ಕಟ್ಟಲು ನೋಡುತ್ತದೆ. ಎಲ್ಲ ಸಲವೂ ಆಗುವುದಿಲ್ಲ. ಆದರೂ ತಾಳಿ ಕಟ್ಟುವ ಘಳಿಗೆಗಾಗಿ ಒಂದು ಸಂಜೆ ಕೂರಬಹುದು.

• 'ಫೈಲ್ ತುಂಬಾ ದೊಡ್ಡದು' ಎಂದು ಪೆನ್‌ಡ್ರೈವ್ ಕಾಪಿಗೇ ಒಪ್ಪದಿದ್ದರೆ ಅದು ಫ್ಯಾಟ್32 ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರುತ್ತದೆ. ಒಂದು ಫೈಲ್ 4 ಜಿಬಿ ಮೀರಿದರೆ ಅದಕ್ಕೆ ಹಿಡಿಸದು. ಒಳಗಿರುವುದನ್ನು ಬೇರೆಡೆ ಇಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡು.

• ಹಳೇ ಡಿವಿಡಿಯಲ್ಲಿ ವಿಡಿಯೋ_ಟಿಎಸ್ ಎಂಬ ಫೋಲ್ಡರ್ ಕಂಡರೆ ಒಳಗಿನ ತುಂಡುಗಳನ್ನು ಒಂದೊಂದಾಗಿ ಕೆದಕಬೇಡ. ಫೋಲ್ಡರನ್ನು ಇಡಿಯಾಗಿ ವಿಎಲ್‌ಸಿಗೆ ಕೊಡು.

• ಇನ್ನು ಮುಂದೆ ವಿಡಿಯೋದವರಿಗೆ ಅಡ್ವಾನ್ಸ್ ಕೊಡುವಾಗಲೇ "ಎಚ್.264, ಎಂಪಿ4 ಬೇಕು" ಎಂದು ಹೇಳಿಬಿಡು. ಪೆನ್‌ಡ್ರೈವ್ ಕೈಗೆ ಬಂದಾಗ ಅವರೆದುರೇ ನಿನ್ನ ಲ್ಯಾಪ್‌ಟಾಪಿಗೆ ಹಾಕಿ ಶುರು, ನಡು, ಕೊನೆ ಮೂರೂ ಕಡೆ ಎಳೆದು ನೋಡು. ಬಾಕಿ ದುಡ್ಡು ಆಮೇಲೆ. ಕಾಫಿ ಬೇಕಾದರೆ ಮೊದಲೇ ಕೊಡು.